ಮುತ್ತತ್ತಿ ಬಸ್ಸಿನ ದನಿ

ಮಳವಳ್ಳಿಯ ಖಾಸಗಿ ಬಸ್ಸುಗಳ ನಿಲ್ದಾಣದಲ್ಲಿ ಮೈಕ್ ಹಿಡಿದು ಊರುಗಳ ಹೆಸರು ಕೂಗುವುದು ರಂಜನಿಯ ಕೆಲಸ. ಬಳೆ ಮಾರುವ ಮುದುಕಿ ಸುಲ್ತಾನ್ ಬೀ ಬುಟ್ಟಿ ಹೊತ್ತು ಕುಂಟುತ್ತ ಬರುವುದು ಕಂಡರೆ, "ಮುತ್ತತ್ತಿ ಗಾಡಿ, ಒಂಚೂರು ತಡೀರಣ್ಣ" ಎನ್ನುವಳು. ಡ್ರೈವರ್ ಹೊನ್ನಯ್ಯ ಗೊಣಗುತ್ತಲೇ ಇಂಜಿನ್ ಆರಿಸುವನು.

ಎಲ್ಲವನ್ನೂ ಡಿಜಿಟಲ್ ಮಾಡಲು ಬಸ್ ಮಾಲೀಕರ ಸಂಘ ಮಂಡ್ಯದಿಂದ ಪುನೀತನನ್ನು ಕರೆಸಿತು. ಬಂದ ದಿನವೇ ಅವನು ಅವಳ ಕಿಟಕಿಗೆ ಒರಗಿ ನಿಂತ.

"ಮದ್ದೂರು ಅನ್ನೋವಾಗ ನಗ್ತೀರಲ್ಲ ಮೇಡಂ, ಯಾಕೆ?"

"ವಡೆ ನೆನಪಾಗುತ್ತೆ."

ಮರುದಿನ ಕಿಟಕಿಯಲ್ಲಿ ವಡೆಯ ಪೊಟ್ಟಣವಿತ್ತು, ಇನ್ನೂ ಬೆಚ್ಚಗೆ.

ಮಧ್ಯಾಹ್ನ ಬಸ್ಸುಗಳು ಕಡಿಮೆಯಾದಾಗ ಅವನು ಫೋನ್ ಚಾಚುತ್ತಿದ್ದ. "ಒಂದೊಂದೇ ಊರು ಹೇಳಿ. ನಿಮ್ಮ ದನಿ ನನ್ನ ಹತ್ರ ಇರಬೇಕು."

"ಯಾಕಂತೆ?"

"ಮಂಡ್ಯಕ್ಕೆ ಹೋದ್ರೆ ನೀವು ಕೇಳಿಸಲ್ವಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಅವನ ಕಣ್ಣನ್ನೇ ನೋಡುತ್ತ ಹೇಳಿದಳು: ಕೊಕ್ಕರೆ ಬೆಳ್ಳೂರು, ಶಿವನಸಮುದ್ರ, ಮುತ್ತತ್ತಿ. ಅದರ ಬೆನ್ನಿಗೇ ಮೆಲ್ಲಗೆ, "ಒಂದ್ಸಲ ನನ್ನನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತೀರಾ?"

ಅವನು ನಕ್ಕ. ಆ ನಗುವೇ ಉತ್ತರವೆಂದುಕೊಂಡಳು. ಅವನು ಹೊರಟಾಗ "ಹೋಗಿ ಬನ್ನಿ" ಎಂದದ್ದೂ ಫೋನಿಗೆ ಸೇರಿತು.

ಸೋಮವಾರ ನಿಲ್ದಾಣದಲ್ಲಿ ದೊಡ್ಡ ಪರದೆ ಬೆಳಗಿತು. ಯಾವ ಬಸ್ಸು ಎಲ್ಲಿದೆಯೆಂದು ಎಲ್ಲರಿಗೂ ಕಾಣುತ್ತಿತ್ತು. ಕಾದು ಬೇಸತ್ತವರು ಖುಷಿಪಟ್ಟರು. ರಂಜನಿಗೂ ಖುಷಿಯಾಯಿತು. ಆಗ ಸ್ಪೀಕರಿನಿಂದ ಅವಳದೇ ದನಿ, ಅವನಿಗೆಂದೇ ಮೆತ್ತಗಾಗಿದ್ದ ದನಿ, ಇಡೀ ನಿಲ್ದಾಣಕ್ಕೆ ಕೇಳಿಸಿತು.

"ಮುತ್ತತ್ತಿ..."

ಅವಳು ಮುಂದಿನ ಮಾತಿಗೆ ಕಾದಳು. ಅದು ಬರಲೇ ಇಲ್ಲ.

ಸಂಘದ ಕಾರ್ಯದರ್ಶಿ ವೆಂಕಟೇಶಮೂರ್ತಿ ಹತ್ತಿರ ಬಂದರು. "ಇನ್ನು ನೀನು ಗಂಟಲು ನೋಯಿಸ್ಕೋಬೇಡ ಕಣಮ್ಮ. ಕಂಪ್ಯೂಟರೇ ಕೂಗುತ್ತೆ. ನಾಳೆಯಿಂದ ಬರೋದು ಬೇಡ."

ಪುನೀತ್ ಹಿಂದೆಯೇ ನಿಂತಿದ್ದ. "ಹೇಳೋಣ ಅಂತಿದ್ದೆ ರಂಜನಿ. ಬೇರೆಯವರ ದನಿ ಹಾಕೋಕೆ ಮನಸ್ಸು ಬರ್ಲಿಲ್ಲ. ಈ ದನಿ ಅಂದ್ರೆ ನಂಗಿಷ್ಟ."

"ಮುತ್ತತ್ತಿ ಆದ್ಮೇಲೆ ನಾನೊಂದು ಮಾತು ಕೇಳಿದ್ದೆ."

"ಅದು... ಕಟ್ ಮಾಡ್ದೆ. ಬೇಕಾಗಿರ್ಲಿಲ್ಲ."

ಅಷ್ಟರಲ್ಲಿ ಸ್ಪೀಕರ್ ಮತ್ತೆ "ಮುತ್ತತ್ತಿ" ಎಂದಿತು, ಬಸ್ಸು ಹೊರಡಲು ಅಣಿಯಾಯಿತು. ಸುಲ್ತಾನ್ ಬೀ ಇನ್ನೂ ಗೇಟಿನಲ್ಲಿದ್ದಳು. ರಂಜನಿ ಓಡಿಹೋಗಿ ಬಸ್ಸಿನ ಮೈಗೆ ಬಡಿದಳು.

"ಲೇಟಾದ್ರೆ ಪರದೇಲಿ ಕೆಂಪು ಬತ್ತದೆ ಕಣವ್ವ," ಎಂದ ಹೊನ್ನಯ್ಯ. ಬುಟ್ಟಿ ನೋಡಿದ. ಇಂಜಿನ್ ಆರಿಸಿದ. "ಬಂದ್ರೆ ಬರ್ಲಿ ಬುಡು."

ಮುದುಕಿಯನ್ನು ಹತ್ತಿಸಿ ರಂಜನಿಯೂ ಹತ್ತಿದಳು.

"ನೀವೆಲ್ಲಿಗೆ?" ಪುನೀತ್ ಕಿಟಕಿಯ ಕೆಳಗೆ ಬಂದ.

"ಮುತ್ತತ್ತಿಗೆ. ಯಾರೂ ಕರ್ಕೊಂಡು ಹೋಗ್ಬೇಕಾಗಿಲ್ಲ."

ಬಸ್ಸು ಹೊರಟಿತು. ಹಿಂದಿನಿಂದ ಸ್ಪೀಕರ್ ಪ್ರೀತಿಯಿಂದ ಹೇಳಿತು: "ಹೋಗಿ ಬನ್ನಿ."

ಸುಲ್ತಾನ್ ಬೀ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗೆ ಜಾಗ ಬಿಟ್ಟಳು. "ನೀನಿಲ್ಲೇ ಇದೀಯ. ಅಲ್ಲಿ ಕೂಗ್ತಿರೋಳು ಯಾರಮ್ಮಾ?"

"ಅವನನ್ನ ನಂಬಿದ್ದೋಳು, ಅಜ್ಜಿ."