ಕಾಂಡ್ಲಾ ಗಿಡದ ಮೇಲೆ ಇಬ್ಬರು

ಚಂಪಾಳಿಗೂ ಮಂಗೇಶನಿಗೂ ಪರಿಚಯವಾದದ್ದೇ ಜಗಳದಿಂದ.

ಕಾರವಾರದಲ್ಲಿ ಅಂದು ವಿಜ್ಞಾನ ಶಿಕ್ಷಕರ ತರಬೇತಿ. ಚಂಪಾ ಅಂಕೋಲಾ ಕಡೆಯ ಹೈಸ್ಕೂಲೊಂದರ ಟೀಚರ್. ಮಂಗೇಶ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವನು, ಅಂದಿನ ಪಾಠ ಅವನದು. ಕಡಲ ದಂಡೆಯಿಂದ ತಂದದ್ದನ್ನೆಲ್ಲ ಮೇಜಿನ ಮೇಲೆ ಹರಡಿ, ಸಜೀವ ಯಾವುದು, ನಿರ್ಜೀವ ಯಾವುದು, ಬೇರ್ಪಡಿಸಿ ಎಂದ. ಚಂಪಾ ಒಂದು ಶಂಖವನ್ನು ಸಜೀವದ ಕಡೆ ಇಟ್ಟಳು. ಅದು ಬರೀ ಖಾಲಿ ಚಿಪ್ಪು ಮೇಡಂ, ಸುಣ್ಣ, ಎಂದು ನಕ್ಕು ಅವನು ಅದನ್ನು ಎತ್ತಿ ನಿರ್ಜೀವದ ಕಡೆ ಇಟ್ಟ. ಶಂಖ ಮೆಲ್ಲಗೆ ಕಾಲು ಹೊರಹಾಕಿ ಅವನ ಬೆರಳಿನ ಕಡೆಗೇ ನಡೆಯತೊಡಗಿತು. ಒಳಗೊಂದು ಸನ್ಯಾಸಿ ಏಡಿ ಮನೆ ಮಾಡಿಕೊಂಡಿತ್ತು.

ಕೋಣೆಯೆಲ್ಲ ನಕ್ಕಿತು. ಚಂಪಾ ಮಾತ್ರ ನಗಲಿಲ್ಲ. ಕಣ್ಣಂಚಿನಲ್ಲೇ ನಗೆಯನ್ನು ತಡೆದುಕೊಂಡು ಅವನನ್ನು ನೋಡಿದಳು. ಆ ನೋಟ ತಾಳಲಾರದೆ ಮಂಗೇಶ ಏಡಿಯನ್ನು ನೋಡುತ್ತ ನಿಂತ. ಅವನ ಕಿವಿ ಕೆಂಪಾಗಿತ್ತು.

ಮಕ್ಕಳಿಗಾಗಿ ನೆಲದ್ದೊಂದು, ನೀರಿನದ್ದೊಂದು ಪಾಠ ಜೊತೆಯಾಗಿ ಮಾಡೋಣವೇ ಎಂದು ಆಮೇಲೆ ಕೇಳಿದವನು ಅವನೇ. ನೆಲದ ಪಾಠಕ್ಕೆ ಅವಳ ಊರಿನ ಗೇರುಗುಡ್ಡ ಹತ್ತಿದರು. ಹಾಲಕ್ಕಿ ರೈತರ ಮನೆಯ ಚಂಪಾ ಅಲ್ಲಿ ಬರಿಗಾಲಲ್ಲೇ ನಡೆದಳು. ಮೀನುಗಾರರ ಮನೆಯ ಮಂಗೇಶ ತರಗೆಲೆ ಸರಕ್ಕೆಂದಾಗಲೆಲ್ಲ ಹಾವೆಂದು ಬೆಚ್ಚಿ ಅವಳ ಕೈ ಹಿಡಿದುಕೊಂಡ. ಅವಳು ಇಡೀ ದಿನ ಅವನನ್ನು ಗೇಲಿ ಮಾಡಿದಳು.

ನೀರಿನ ಪಾಠಕ್ಕೆ ಅವನ ಊರಾದ ದೇವಬಾಗದ ಬಳಿ ಕಾಳಿ ನದಿಯ ಕಾಂಡ್ಲಾ ಕಾಡಿಗೆ, ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ನಡುವೆ, ಹೋಗುವುದೆಂದಾಯಿತು. ಅಂದು ಬೆಳಗಿನಿಂದಲೇ ಚಂಪಾಳಿಗೆ ಅಳುಕು. ಅವಳಿಗೆ ಈಜು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹೊಳೆಯಂಚಿನ ಗಜನಿ ಗದ್ದೆಗೆ ಉಪ್ಪುನೀರು ಬಿಡುವ ತೂಬಿನಲ್ಲಿ ಬಿದ್ದಿದ್ದಳು. ಅಪ್ಪ ಹುಲಿಯಾ ಜುಟ್ಟು ಹಿಡಿದು ಎಳೆಯದಿದ್ದರೆ ಅಂದೇ ಮುಗಿಯುತ್ತಿತ್ತು.

ಕಿರಿದಾದ ಪಾತಿ ದೋಣಿಯಲ್ಲಿ ಅವಳು ಎರಡೂ ಅಂಚು ಬಿಗಿಹಿಡಿದು ಕೂತಳು. ಮಂಗೇಶ ಹುಟ್ಟು ಹಾಕುತ್ತ ತೋರಿಸುತ್ತ ಹೋದ. ನೀರು ಇಳಿದಿತ್ತು. ಕೆಸರಿನ ಮೇಲೆ ಕುಪ್ಪಳಿಸುವ ಮೀನು, ಕೆಂಪು ಏಡಿ, ಉಸಿರಾಡಲೆಂದು ಮೇಲೆದ್ದ ಬೇರು. ಕಾಂಡದ ಮೇಲೆ ಅಂಟಿದ ಚಿಪ್ಪುಗಳನ್ನು ನೋಡಿ, ಅವು ಎಲ್ಲಿಯವರೆಗೆ ಇವೆಯೋ ಅಲ್ಲಿಯವರೆಗೆ ಭರತದ ನೀರು ಬರುತ್ತದೆ ಎಂದ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಏನೂ ಕಿವಿಗೆ ಬಿದ್ದಿರಲಿಲ್ಲ.

"ಇಷ್ಟ್ ಹೆದರೂದಾ?" ಎಂದ ಅವನು.

"ಹಾವಿಲ್ಲ ಅಂತ ನಿಮಗೆ ಧೈರ್ಯ."

ಅವನು ನಗುತ್ತ ದೋಣಿಯನ್ನು ಗಿಡದ ಬೇರಿಗೆ ಕಟ್ಟಿ ಕೆಸರಿಗಿಳಿದ. ತಾಯಿಗಿಡದಲ್ಲೇ ಮೊಳೆತು ಜೋತಾಡುತ್ತಿದ್ದ ಕಾಂಡ್ಲಾ ಕಾಯೊಂದನ್ನು ಅವಳಿಗೆ ಕಿತ್ತು ಕೊಡಬೇಕಿತ್ತು. ನಾಲ್ಕು ಹೆಜ್ಜೆ ಹೋದವನು ತೊಡೆಯವರೆಗೆ ಹೂತ.

ಯಾರೋ ಮರಳು ತೆಗೆದ ಗುಂಡಿ. ಮೇಲೆ ಹೂಳು ತುಂಬಿ ಗೊತ್ತಾಗದಂತೆ ಮುಚ್ಚಿತ್ತು. ಮೊದಲು ಅವನಿಗೂ ನಗು. ಒಂದು ಕಾಲು ಎಳೆದರೆ ಇನ್ನೊಂದು ಇಳಿಯಿತು. ಮೂರನೆಯ ಸಲ ಎಳೆದಾಗ ಅವನ ಮುಖದ ನಗು ಹೋಯಿತು. ಅದನ್ನು ಚಂಪಾ ನೋಡಿದಳು.

ಆಗಲೇ ದೋಣಿ ಮೆಲ್ಲಗೆ ಅಲುಗಿತು. ನೀರು ತಿರುಗಿತ್ತು, ಭರತ ಶುರುವಾಗಿತ್ತು.

ಮಂಗೇಶ ಹೇಳಿದ ನಂಬರಿನಲ್ಲಿ ಅವನ ತಮ್ಮನ ವರಸೆಯ ಮಾಬ್ಲೇಶ್ವರನಿಗೆ ಅವಳು ಫೋನ್ ಮಾಡಿದಳು. ಅವನು ಯಂತ್ರದ ದೋಣಿಯೊಂದಿಗೆ ಕಡಲಲ್ಲಿದ್ದ. ಬರುತ್ತೇನೆ, ಆದರೆ ತಾಸಿನ ಮೇಲಾಗುತ್ತದೆ ಎಂದ. ದೂರದ ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಕೂಗಿದಳು. ಯಾರಿಗೂ ಕೇಳಿಸುವಂತಿರಲಿಲ್ಲ.

ನೀರು ಮಂಗೇಶನ ಸೊಂಟ ಮುಟ್ಟಿತು. ಚಂಪಾ ಕಾಂಡದ ಚಿಪ್ಪಿನ ಗೆರೆಯನ್ನು ಹುಡುಕಿದಳು. ಅದು ಅವನ ತಲೆಗಿಂತ ಮೇಲಿತ್ತು.

ಉಪ್ಪು, ಕೆಸರು, ಬಿಸಿಲು, ನೀರು: ನಿರ್ಜೀವವೆಂದು ಪ್ರತಿವರ್ಷ ಹಲಗೆಯ ಮೇಲೆ ಬರೆದವಳು ಅವಳು. ಈಗ ಆ ನೀರು ಗೊತ್ತಿರುವವರಂತೆ ಬೇರುಗಳ ನಡುವೆ ದಾರಿ ಹುಡುಕುತ್ತ ಬರುತ್ತಿತ್ತು. ಜೀವ ಇದ್ದವನು ಕದಲದೆ ನಿಂತಿದ್ದ.

ನೀರಿನೊಂದಿಗೆ ದೋಣಿಯೂ ಅವನ ಬಳಿ ತೇಲಿತು. ಅಂಚು ಹಿಡಿದು ಎಳೆದುಕೊಳ್ಳಹೋದ. ಪಾತಿ ಒಂದೇ ಮಗ್ಗುಲಿಗೆ ವಾಲಿ ಚಂಪಾ ಬೀಳುವಂತಾಯಿತು. ಅವನು ತಟ್ಟನೆ ಕೈಬಿಟ್ಟ. ಮತ್ತೆ ಮುಟ್ಟಲಿಲ್ಲ.

"ದೋಣಿಯಿಂದ ಇಳೂದು ಬೇಡ," ಎಂದ. "ಏನೇ ಆದ್ರೂ ಇಳೂದು ಬೇಡ. ನಮ್ಮ ಆಯಿಗೆ..."

"ನಿಮ್ಮ ತಾಯಿಗೆ ನೀವೇ ಹೇಳಿ," ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಗಜನಿಯಲ್ಲಿ ಎಮ್ಮೆ ಹೂತರೆ ಅಪ್ಪ ಮೇಲಕ್ಕೆ ಎಳೆಯುತ್ತಿರಲಿಲ್ಲ. ಮಗ್ಗುಲಿಗೆ ಒರಗಿಸಿ, ಕಾಲಿನ ಪಕ್ಕದಲ್ಲಿ ಕೈ ತೂರಿಸಿ ನೀರು ಇಳಿಯಲು ದಾರಿ ಮಾಡುತ್ತಿದ್ದ. ನೀರು ಹೊಕ್ಕರೆ ಕೆಸರು ಹಿಡಿತ ಬಿಡುತ್ತದೆ. ಆದರೆ ಅದಕ್ಕೆ ಅವಳು ಇಳಿಯಬೇಕು. ಒರಗಿದವನು ಮುಳುಗದಂತೆ ಗಿಡಕ್ಕೆ ಕಟ್ಟಬೇಕು. ಇದ್ದದ್ದು ದೋಣಿ ಕಟ್ಟಿದ ಹಗ್ಗ ಒಂದೇ.

ದೋಣಿಯ ತಳಹಲಗೆ ಕಿತ್ತು ನೀರಿಗೆ ಹಾಕಿದಳು. ಹಗ್ಗ ಬಿಚ್ಚಿದಳು. ಕಣ್ಣು ಮುಚ್ಚಿ ಹಲಗೆಯ ಮೇಲೆ ಬೋರಲು ಬಿದ್ದಳು. ತಣ್ಣನೆಯ ನೀರು ಎದೆಯ ಕೆಳಗೆ ಹರಿಯಿತು. ಹಲ್ಲು ಕಚ್ಚಿದಳು. ಅವನ ಕಂಕುಳ ಕೆಳಗೆ ಹಗ್ಗ ಸುತ್ತಿ ಇನ್ನೊಂದು ತುದಿಯನ್ನು ಕಾಂಡಕ್ಕೆ ಬಿಗಿದಳು. ಬೆನ್ನ ಹಿಂದೆ ಖಾಲಿ ದೋಣಿ ತೇಲಿ ದೂರ ಹೋಯಿತು. ಇಬ್ಬರೂ ಅದನ್ನು ನೋಡಿದರು.

"ಹಿಂದೆ ಒರಗಿ. ನಿಲ್ಲೂದು ಬೇಡ."

ಕಡಲಲ್ಲೇ ಹುಟ್ಟಿ ಬೆಳೆದವನು ನೀರಿನ ಮೇಲೆ ಬೆನ್ನು ಹಾಕಲು ಹೆದರಿ ಹಗ್ಗವನ್ನೇ ಬಿಗಿಹಿಡಿದ. ಅವಳು ಕೈಯನ್ನು ಅವನ ತೊಡೆಯ ಪಕ್ಕ ಭುಜದವರೆಗೆ ಇಳಿಸಿ ಕೆಸರು ಬಿಡಿಸಿದಳು. ನೀರು ಅವಳ ತುಟಿ ದಾಟಿ ಮೂಗಿಗೆ ಬಂತು. ಕೆಮ್ಮಿದಳು, ತಲೆಯೆತ್ತಿ ಉಸಿರು ತೆಗೆದುಕೊಂಡಳು, ಮತ್ತೆ ಕೈ ಇಳಿಸಿದಳು.

"ಚಂಪಾ," ಎಂದ ಅವನು, ಆಕಾಶ ನೋಡುತ್ತ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಗುಡ್ಡದ ಮೇಲೆ ನಾನು ಕೈ ಹಿಡಿದದ್ದು ಹಾವಿಗೆ ಹೆದರಿ ಅಲ್ಲ."

"ಗೊತ್ತು. ಕಾಲು ಅಲ್ಲಾಡ್ಸಿ."

ಒಂದು ಕಾಲು ಬಂತು. ಎಷ್ಟೋ ಹೊತ್ತಿನ ಮೇಲೆ, ಅವನ ಗದ್ದಕ್ಕೆ ನೀರು ಬಂದಾಗ, ಇನ್ನೊಂದೂ ಬಂತು. ಈಜು ಬಲ್ಲವನಿಗೆ ಅಷ್ಟು ಸಾಕಿತ್ತು. ಹಗ್ಗ ಹಿಡಿದು ಅವಳನ್ನೂ ಎಳೆದುಕೊಂಡು ಗಿಡ ಸೇರಿದ. ಬೇರು ಹತ್ತಿ, ಕೊಂಬೆ ಹತ್ತಿ, ಒಬ್ಬರಿಗೆ ಸಾಕಾಗುವ ಕವಲಿನಲ್ಲಿ ಇಬ್ಬರೂ ಅಂಟಿ ಕೂತರು. ಕೆಳಗೆ ಅವರು ಇದ್ದ ಜಾಗ ಕಾಣಿಸುತ್ತಿರಲಿಲ್ಲ. ಬರೀ ನೀರು.

ಆಗ ಚಂಪಾ ಅತ್ತಳು. ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, ಮುಖವನ್ನು ಅದರಲ್ಲೇ ಒತ್ತಿ ಅತ್ತಳು. ಅವಳ ಕೂದಲಿಗೆ ಅಂಟಿದ ಕೆಸರನ್ನು ಅವನು ಬೆರಳಿನಿಂದ ಒಂದೊಂದೇ ಬಿಡಿಸುತ್ತ ಕೂತ.

ನಿಮ್ಮ ಮನೆಯಲ್ಲಿ ಮದುವೆಗೆ ಒಪ್ಪುತ್ತಾರೆಯೇ ಎಂದು ಕೇಳಿದ. ಇಲ್ಲ ಎಂದಳು. ಕಡಲಿನವರ ಮನೆಗೆ ಕೊಟ್ಟರೆ ಮಗಳು ಜೀವಮಾನವಿಡೀ ದಂಡೆಯ ಮೇಲೆ ಕಾಯುತ್ತ ನಿಲ್ಲಬೇಕು, ಅಪ್ಪನಿಗೆ ಅದೇ ಭಯ.

"ನಾನು ಕಡಲಿಗೆ ಹೋಗೂದಿಲ್ಲ. ಕಾಲೇಜಿಗೆ ಹೋಗೂದು."

"ಇವತ್ತು ಎಲ್ಲಿದ್ರಿ?"

ಅವನು ಕೆಳಗಿನ ನೀರು ನೋಡಿದ. ಅವಳೇ ಅವನ ಭುಜಕ್ಕೆ ತಲೆಯಿಟ್ಟು, "ಕಾಯೂದು ನನಗೆ ಆಗೂದಿಲ್ಲ. ಈಜು ಕಲಿಸಿ," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಮಾಬ್ಲೇಶ್ವರ ಬಂದ. ಹೊಳೆಯಲ್ಲಿ ತೇಲುತ್ತಿದ್ದ ಖಾಲಿ ಪಾತಿಯನ್ನು ಕಂಡು ಅವನ ಜೀವವೇ ಹಾರಿತ್ತು. ಬರುವಾಗ ದಾರಿಯುದ್ದಕ್ಕೂ ಮಂಗೇಶ, ಚಂಪಾ ಕೈ ಹಿಡಿದೇ ಕೂತಿದ್ದರು.

ಮಾಬ್ಲೇಶ್ವರನ ಫೋನಿನಿಂದ ಸುದ್ದಿ ತಿಳಿದು ದೇವಬಾಗದ ದಂಡೆಯಲ್ಲಿ ಜನ ಸೇರಿದ್ದರು. ಮಂಗೇಶನ ತಾಯಿ ಬೇಬಿ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಊರವರ ಕಣ್ಣು ಕಂಡು ಚಂಪಾಳ ಹೆಸರು ಕೆಡಬಾರದೆಂದು ಮಂಗೇಶ ಕೈ ಸಡಿಲಿಸಿದ. ಚಂಪಾ ಬಿಡಲಿಲ್ಲ. ಬಿಡಲು ಅವಳಿಗೆ ಭಯವಾಗುತ್ತಿತ್ತು.

ಬೇಬಿ ಮಗನ ಮುಖ ಸವರಿ ನೋಡಿದಳು. ಆಮೇಲೆ ಹೆಣೆದುಕೊಂಡಿದ್ದ ಆ ಎರಡು ಕೆಸರು ಕೈಗಳನ್ನು ನೋಡಿದಳು. ಯಾರು, ಎಂತ ಎಂದು ಕೇಳಲಿಲ್ಲ. ಸೀರೆಯ ಸೆರಗಿನಿಂದ ಚಂಪಾಳ ಹಣೆ ಒರೆಸಿದಳು.

"ಬರೂ ರವಿವಾರ ನಿಮ್ಮಲ್ಲಿಗೆ ಬತ್ತೇವೆ," ಎಂದಳು. "ಅಪ್ಪ ಮನೇಲಿ ಇರ್ತಾರಾ?"

ನೀರಿಗಿಳಿದಾಗಿನಂತೆಯೇ ಚಂಪಾ ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಇರ್ತಾರೆ," ಎಂದಳು. "ಮೊದಲು ಬೈತಾರೆ. ಆದ್ರೂ ಬನ್ನಿ."