ಬಾಗಿಲಿಗೆ ಬಗ್ಗದ ಜನ

"ನಿಮ್ಮ ಬಾಗಿಲುಗಳು ತೀರಾ ಗಿಡ್ಡ."

"ನಿಮ್ಮ ಜನ ತೀರಾ ಉದ್ದ."

ಇದು ನನ್ನ ಮತ್ತು ನಕ್ಷೆಯವರ ಮೊದಲ ಮಾತು. ನಮಸ್ಕಾರ ಆಮೇಲೆ ಬಂತು.

ನಾವು ಒಂದೇ ಆಟಕ್ಕೆ ಕೆಲಸ ಮಾಡಿದ್ದೆವು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಇಲ್ಲದ ಊರೊಂದರಲ್ಲಿ ಬೇರೆ ಯಾರೋ ಆಗಿ ಬದುಕುವ ಆಟ. ಆ ಊರಿನ ನಕ್ಷೆ ಅವರದು. ಆಟಕ್ಕೆ ಹೊಸದಾಗಿ ಸೇರಬೇಕಿದ್ದ ಜನಾಂಗ ನನ್ನದು. ಅವರಿಗೆ ನಿಡಿಯರು ಅಂತ ಹೆಸರಿಟ್ಟಿದ್ದೆ. ಹತ್ತಡಿ ಎತ್ತರ, ಮೆಲುದನಿ, ಒಮ್ಮೆ ಕಂಡ ಮುಖ ಮರೆಯದವರು. ಆಡುವವರು ಮನುಷ್ಯರೋ ಕುಬ್ಜರೋ ಆಗುವ ಹಾಗೆ ಇನ್ನು ಮುಂದೆ ನಿಡಿಯರೂ ಆಗಬಹುದು.

ನಾನು ಮನೆಯಲ್ಲಿ ಕೂತು ಬರೆದೆ. ಅವರು ಆಫೀಸಿನಲ್ಲಿ ಕೂತು ಗೆರೆ ಎಳೆದರು. ಒಬ್ಬರ ಕೆಲಸ ಇನ್ನೊಬ್ಬರು ನೋಡಲಿಲ್ಲ. ನಕ್ಷೆ ಅಚ್ಚಾಗಿ ಬಂದಾಗ ಅದರಲ್ಲಿ ಆರಡಿ ದಾಟುವ ಬಾಗಿಲು ಒಂದೂ ಇರಲಿಲ್ಲ.

ತಪ್ಪು ಕಂಡುಹಿಡಿದವರು ಅತ್ತೆ. ನಮ್ಮ ಯಜಮಾನಿಯ ಅತ್ತೆ. ಆಫೀಸಿಗೆಲ್ಲ ಅವರು ಅತ್ತೆಯೇ. ಅವರು ಆಡಿ ನೋಡದೆ ಯಾವ ಆಟದ ಪುಸ್ತಕವೂ ಅಚ್ಚಿಗೆ ಹೋಗುವುದಿಲ್ಲ. ನಾನೂ ಆಫೀಸಿಗೆ ಬಂದಿದ್ದ ಆ ಬೆಳಿಗ್ಗೆ ಅವರು ಆಸೆಪಟ್ಟು ನಿಡಿಯಳಾಗಿದ್ದರು. ಜೊತೆಯವರೆಲ್ಲ ಕಥೆಯೊಳಗಿನ ಛತ್ರಕ್ಕೆ ನುಗ್ಗಿದರು. ಅತ್ತೆ ಬೀದಿಯಲ್ಲೇ ಉಳಿದರು.

"ಆವಾಗಿಂದ ಹೊರಗೆ ಕುದುರೆ ಕಾಯ್ತಾ ನಿಂತಿದ್ದೀನಿ," ಅಂದರು. "ಕುದುರೆಗೂ ನನ್ನ ಮುಖ ನೋಡಿ ಸಾಕಾಗಿದೆ."

ಯಜಮಾನಿ ನನ್ನ ಕಡೆ ತಿರುಗಿದರು. "ಸಂಜೆ ಪುಸ್ತಕ ಪ್ರೆಸ್ಸಿಗೆ ಹೋಗುತ್ತೆ. ನಕ್ಷೆ ಮತ್ತೆ ಅಚ್ಚು ಹಾಕಿಸೋಕಾಗಲ್ಲ. ನಿಮ್ಮ ನಿಡಿಯರನ್ನ ಆರಡಿಗೆ ಇಳಿಸಿ. ಇಲ್ಲಾಂದ್ರೆ ಅಧ್ಯಾಯ ತೆಗೆದುಬಿಡ್ತೀನಿ."

"ಇಳಿಸಲ್ಲ."

ಅಷ್ಟು ಜೋರಾಗಿ ಹೇಳಿದೆನೆಂದು ನನಗೇ ಆಶ್ಚರ್ಯವಾಯಿತು. ತುಂಬ ಕಾಲದಿಂದ ನಾನು ಯಾವುದಕ್ಕೂ ಜೋರು ಮಾಡಿದವಳಲ್ಲ.

ಕಾರಣ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾನು ಎದ್ದು ನಿಂತರೆ ಸಾಕು. ಶಾಲೆಯಲ್ಲಿ ನನ್ನನ್ನು ಏಣಿ ಅಂತಿದ್ದರು. ಮನೆಯಲ್ಲಿ ಫೋಟೋ ತೆಗೆಯುವಾಗೆಲ್ಲ ದೊಡ್ಡಮ್ಮನದು ಒಂದೇ ಮಾತು: "ಸ್ವಲ್ಪ ಬಗ್ಗೇ, ನಾವೂ ಕಾಣಬೇಡ್ವಾ?" ಬಗ್ಗಿ ಬಗ್ಗಿ ಬೆನ್ನಿಗೆ ಅದೇ ರೂಢಿಯಾಯಿತು. ಕಾಗದದ ಮೇಲಿನ ಜನರಿಗಾದರೂ ಬೆನ್ನು ನೆಟ್ಟಗಿರಲಿ ಅಂತ ನಿಡಿಯರನ್ನು ಬರೆದಿದ್ದೆ.

"ಮಧ್ಯಾಹ್ನದವರೆಗೆ ಟೈಮ್ ಕೊಡಿ," ಅಂದರು ನಕ್ಷೆಯವರು. ನನ್ನ ಪರವಾಗಿ ಮಾತಾಡುತ್ತಾರೆಂದು ನಾನು ಎಣಿಸಿರಲಿಲ್ಲ.

ಅವರನ್ನು ಆಫೀಸಿನಲ್ಲಿ ಸ್ಕೇಲು ಅಂತಾರೆ. ಜೇಬಿನಲ್ಲಿ ಸದಾ ಒಂದು ಸ್ಟೀಲಿನ ಸ್ಕೇಲು. ಅವರು ನನ್ನ ಭುಜದಷ್ಟು ಎತ್ತರ. ನಾವಿಬ್ಬರೇ ಪಕ್ಕದ ಕೋಣೆಗೆ ಹೋದಾಗ, ಕಿವಿಯ ಸಂದಿಯಲ್ಲಿ ಪೆನ್ಸಿಲು ಇಟ್ಟು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು.

"ಕಿವಿ," ಅಂದೆ.

"ಹಾಂ?"

"ಪೆನ್ಸಿಲು ಕಿವಿ ಮೇಲಿದೆ."

ಅವರ ಕಿವಿ ಕೆಂಪಾಯಿತು. ನಾನು ಬೇಕೆಂದೇ ಇನ್ನೊಂದು ಗಳಿಗೆ ನೋಡಿದೆ.

ನಕ್ಷೆ ಹರಡಿದರು. ಬೀದಿಗಳು, ಅಂಗಡಿ ಸಾಲು, ಮುಂಗೋಡೆ ಕಾಣುವ ಹಾಗೆ ಓರೆಯಾಗಿ ಬರೆದ ಮನೆಗಳು. ಒಂದೊಂದು ಹೆಂಚಿಗೂ ಗೆರೆ. ಇಷ್ಟು ಚೆಂದ ಬರೆದಿದ್ದಾರೆಂದು ಸಿಟ್ಟು ಬಂತು.

"ಹಡಗಲ್ಲಿ ಬಂದಿಳಿದ ಹೊಸಬರು ಅಂತ ಮಾಡಿದ್ರೆ?" ಅಂದರು. "ಊರಿಗೆ ಇನ್ನೂ ಅಭ್ಯಾಸ ಆಗಿಲ್ಲ, ಅದಕ್ಕೇ ಬಾಗಿಲಿಲ್ಲ."

"ಆಗಲ್ಲ. ಹೊಸಬರು ಅಂದ್ರೆ ಯಾವಾಗ ಹೊರಡ್ತಾರೆ ಅಂತ ಊರವರು ಕಾಯ್ತಾರೆ. ನಿಡಿಯರು ಇಲ್ಲೇ ಹುಟ್ಟಿದವರು."

"ಇಲ್ಲೇ ಹುಟ್ಟಿದವರು ನನ್ನ ಕಣ್ಣಿಗೆ ಯಾಕೆ ಬಿದ್ದಿಲ್ಲ?"

"ನೀವು ತಲೆ ಎತ್ತಿ ನೋಡಲ್ಲ."

ಅವರು ತಲೆ ಎತ್ತಿ ನೋಡಿದರು. ನೇರವಾಗಿ, ನಗುತ್ತಾ. ನಾನು ನಕ್ಷೆಯ ಮಡಿಕೆ ಸರಿಮಾಡಿದೆ.

ಅವರು ಏನೋ ಗೊಣಗಿದರು. ಕೇಳಿಸಿಕೊಳ್ಳಲು ಬಗ್ಗಿದೆ.

"ಬಗ್ಗಬೇಡಿ."

"ಯಾಕೆ?"

"ನಿಮ್ಮ ನೆರಳು ನಕ್ಷೆ ಮೇಲೆ ಬೀಳುತ್ತೆ. ನಾನೇ ಜೋರಾಗಿ ಹೇಳ್ತೀನಿ ಬಿಡಿ."

ಬಗ್ಗಬೇಡ ಅಂತ ಯಾರೂ ನನಗೆ ಹೇಳಿರಲಿಲ್ಲ. ನೆಟ್ಟಗಾದೆ. ಅಷ್ಟು ಮೇಲಿನಿಂದ ನೋಡಿದಾಗ ಇಡೀ ಊರು ಒಟ್ಟಿಗೇ ಕಂಡಿತು, ಬಾಗಿಲುಗಳಲ್ಲ, ಅವುಗಳ ಮೇಲೆ ಸಾಲಾಗಿ ಇದ್ದ ಮಹಡಿ ಕಿಟಕಿಗಳು.

"ಈ ಕಿಟಕಿ ನೆಲದಿಂದ ಎಷ್ಟು ಎತ್ತರ?"

ಸ್ಕೇಲು ಜೇಬಿನಿಂದ ಬಂತು. "ಎಂಟೂವರೆ. ಒಂಬತ್ತಿರಬಹುದು." ಕೈ ಹಾಗೇ ನಿಂತಿತು. "ಅಯ್ಯೋ!"

"ಬಾಗಿಲು ಯಾರಿಗೆ ಬೇಕು?" ಅಂದೆ.

"ಅವರು ಬೀದಿಯಲ್ಲೇ ನಿಂತು..."

"ಮಹಡಿಯವರ ಜೊತೆ ಮುಖಾಮುಖಿ!"

"ಮಹಡಿಯಲ್ಲಿ ಯಾರಿರ್ತಾರೆ? ಹಾಸಿಗೆ ಹಿಡಿದವರು."

"ಬಾಣಂತಿಯರು."

"ಬಚ್ಚಿಟ್ಟುಕೊಂಡವರು! ಮೆಟ್ಟಿಲು ಇಳಿಯೋಕಾಗದವರೆಲ್ಲ!"

"ಅವರಿಗೆ ಊರಿನ ಸುದ್ದಿ ಹೇಳೋರು ನಿಡಿಯರು. ಅವರ ಗುಟ್ಟೂ ನಿಡಿಯರ ಹತ್ತಿರವೇ."

"ಛತ್ರದ ಊಟ ಮಹಡಿ ಕಿಟಕಿಯಿಂದ ಬರುತ್ತೆ! ಬರ್ಕೊಳ್ಳಿ, ಬರ್ಕೊಳ್ಳಿ!"

ಇಬ್ಬರೂ ಒಂದೇ ಪೆನ್ಸಿಲಿಗೆ ಕೈ ಹಾಕಿದೆವು. ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ. ಚಹಾ ಆರಿಹೋಗಿತ್ತು. ಅಚ್ಚಾದ ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗದೆ ನನ್ನ ಜನ ಆ ಊರಿನವರಾದರು.

ಮಧ್ಯಾಹ್ನ ಮತ್ತೆ ಆಡಿದೆವು. ಕಥೆ ನಡೆಸುವವರು ಯಜಮಾನಿ. ಕಾಣೆಯಾದ ಹುಡುಗಿಯನ್ನು ಹುಡುಕುತ್ತಾ ಉಳಿದವರು ಛತ್ರದ ಕೆಳಗಿನ ಕೋಣೆಗಳಲ್ಲಿ ತಡಕಾಡುತ್ತಿದ್ದರು. ಅತ್ತೆ ಬೀದಿಯಲ್ಲಿ ನಿಂತೇ ಮೇಲಿನ ಕಿಟಕಿ ತಟ್ಟಿದರು.

"ಕಿಟಕಿ ತೆರೆಯಿತು," ಅಂದರು ಯಜಮಾನಿ. "ಒಳಗೆ ಆ ಹುಡುಗಿ. ಅಳ್ತಾ ಇದ್ದಾಳೆ. ಹಿಂದೆ ಬಾಗಿಲು ಒಡೆಯೋ ಸದ್ದು."

"ಅಳಬೇಡ ಮಗಳೇ. ನನ್ನ ಹೆಗಲ ಮೇಲೆ ಕೂತ್ಕೋ," ಅಂದು ಅತ್ತೆ ದಾಳ ಎಸೆದರು.

ಇಪ್ಪತ್ತು. ದಾಳದಲ್ಲಿ ಅದಕ್ಕಿಂತ ದೊಡ್ಡ ಅಂಕಿಯಿಲ್ಲ; ಹುಡುಗಿ ಪಾರಾದಳು. ಅತ್ತೆ ಕುರ್ಚಿ ಬಿಟ್ಟು ಎದ್ದರು. "ಇನ್ನು ಕುದುರೆ ನೀವು ಕಾಯ್ಕೊಳ್ರೋ!"

ಯಜಮಾನಿ ನಕ್ಕು ಪುಸ್ತಕದ ಕರಡು ಮುಚ್ಚಿದರು. "ಅಧ್ಯಾಯ ಇರಲಿ. ಹತ್ತಡಿಯೇ ಇರಲಿ."

"ತಡಿಯೇ," ಅಂದರು ಅತ್ತೆ ಸೊಸೆಗೆ. "ನಿಡಿಯರಿಗೂ ಮನುಷ್ಯರಿಗೂ ಮದುವೆ ಆಗುತ್ತೋ ಇಲ್ವೋ?"

ಪ್ರಶ್ನೆ ಯಜಮಾನಿಗೆ. ಕಣ್ಣು ಮಾತ್ರ ನಮ್ಮಿಬ್ಬರ ಮೇಲೆ.

"ಪುಸ್ತಕದಲ್ಲಿಲ್ಲ," ಅಂದರು ನಕ್ಷೆಯವರು.

"ಆಡೋರು ಮೊದಲು ಕೇಳೋದೇ ಅದನ್ನ," ಅಂದರು ಯಜಮಾನಿ. "ಒಂದು ಪ್ಯಾರಾ ಬರೆದು ಕೊಡಿ. ಬೇಗ."

ಮತ್ತೆ ಅದೇ ಕೋಣೆ. ಈ ಸಲ ಬಾಗಿಲು ಮುಂದೆ ಮಾಡಿದ್ದು ಯಾರೋ ಗೊತ್ತಿಲ್ಲ.

"ಎಲ್ಲಿ ಇರ್ತಾರೆ?" ಅಂತ ಶುರು ಮಾಡಿದೆ.

"ಮನೆ ಕಟ್ಕೋತಾರೆ."

"ಅಡುಗೆ ಕಟ್ಟೆ ಯಾರ ಎತ್ತರಕ್ಕೆ?"

"ಎರಡು ಕಟ್ಟೆ."

"ಜಗಳ ಬಂದ್ರೆ?"

"ಕೂತು ಆಡಲಿ. ಕೂತಾಗ ವ್ಯತ್ಯಾಸ ಅಷ್ಟಿಲ್ಲ." ಬರೆಯುತ್ತಿದ್ದ ಕೈ ನಿಂತಿತು. ಕಣ್ಣು ಕಾಗದದ ಮೇಲೇ ಇತ್ತು. "ಆ ಮನುಷ್ಯನಿಗೆ ಒಂದು ಹೆದರಿಕೆ ಇರುತ್ತೆ ಅಂತ ಸೇರಿಸಲಾ?"

"ಅವಳ ಎತ್ತರದ್ದಾ?"

"ಅಲ್ಲ. ತಾನು ಅವಳಿಗೆ ಸಾಲದೆ ಹೋದ್ರೆ ಅಂತ."

ನಿಡಿಯಳ ಮಾತಾಗಿ ಉತ್ತರ ಕೊಡಬಹುದಿತ್ತು. ಸುಲಭವಿತ್ತು, ಚೆಂದವೂ ಇತ್ತು.

"ಆಟದ ಮಾತು ಬಿಡಿ," ಅಂದೆ. "ನನಗೆ ನೀವು ಇಷ್ಟ ಆಗಿದ್ದೀರಿ. ನನಗೇ."

ಅವರು ಪೆನ್ಸಿಲು ಕೆಳಗಿಟ್ಟರು. ಕಿವಿಯಿಂದ ಶುರುವಾದ ಕೆಂಪು ಕತ್ತಿನವರೆಗೆ ಇಳಿಯಿತು.

"ನಾನು ಒಂದು ವಾರ ತಡೀಬೇಕು ಅಂತಿದ್ದೆ," ಅಂದರು ಕೊನೆಗೆ.

"ವಾರ ಯಾಕೆ?"

"ಮರ್ಯಾದೆಗೆ. ಬೆಳಿಗ್ಗೆ ಕಂಡು ಸಂಜೆಗೆ ಹೇಳಿದ್ರೆ ತಲೆ ಕೆಟ್ಟಿದೆ ಅಂತೀರಿ."

"ಈಗ ನನ್ನ ತಲೆ ಕೆಟ್ಟಿದೆ ಅಂತಾನಾ?"

"ಅಯ್ಯೋ, ಇಲ್ಲ ಇಲ್ಲ!"

"ಹಾಗಾದ್ರೆ ಹೇಳಿ."

"ನೀವೇ ಹೇಳಿಬಿಟ್ಟಿರಲ್ಲ."

"ನಾನೂ ಕೇಳಬೇಕು."

ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಹೊರಗಿನಿಂದ ಯಜಮಾನಿಯ ಕೂಗು: "ಏನ್ರೀ, ಆಗುತ್ತಾ ಇಲ್ವಾ?"

"ಆಗುತ್ತೆ!" ಅಂದೆವು, ಇಬ್ಬರೂ ಒಟ್ಟಿಗೆ. ಅತ್ತೆಯ ನಗು ಗೋಡೆ ದಾಟಿ ಬಂತು.

ಪುಸ್ತಕ ಪ್ರೆಸ್ಸಿಗೆ ಹೋಯಿತು. ನಾವು ಬೀದಿಗೆ ಇಳಿದೆವು. ಅಂಗಡಿಗಳಲ್ಲಿ ದೀಪ ಹತ್ತುತ್ತಿತ್ತು. ಎಲ್ಲಿಗೆ ಅಂತ ಇಬ್ಬರೂ ಕೇಳಲಿಲ್ಲ. ಮಾತು ನುಗ್ಗಿ ಬರುತ್ತಿತ್ತು. ಮುಂದಿನ ಊರಿಗೆ ಒಂದು ನದಿ ಬೇಕು ಅಂದೆ. ನದಿಯೊಳಗೂ ಜನ ಇರಲಿ ಅಂದರು. ಅಷ್ಟರಲ್ಲಿ ಅವರು ಹಿಂದೆ ಉಳಿದದ್ದು ಗೊತ್ತಾಗಿ, ಯಾರ ಜೊತೆ ನಡೆದರೂ ಮಾಡುವ ಹಾಗೆ ಹೆಜ್ಜೆ ಸಣ್ಣ ಮಾಡಿದೆ.

"ನಿಧಾನ ಮಾಡಬೇಡಿ," ಅಂದರು.

"ನಿಮಗೆ ಓಡಬೇಕಾಗುತ್ತೆ."

"ಓಡ್ತೀನಿ ಕಣ್ರೀ, ಅದಕ್ಕೇನು!"

ನಾನು ನನ್ನ ಹೆಜ್ಜೆಯಲ್ಲಿ ನಡೆದೆ. ಅವರು ಪಕ್ಕದಲ್ಲಿ ಅರ್ಧ ಓಡುತ್ತಾ, ಏದುಸಿರು ಬಿಡುತ್ತಾ, ನದಿಯ ಜನ ಮನೆಗೆ ಬಂದರೆ ಎಲ್ಲಿ ಕೂರಿಸುವುದೆಂದು ನನ್ನನ್ನು ಕೇಳುತ್ತಲೇ ಇದ್ದರು.