ಎಂಟು ಪೆಡಲ್‌ಗಳ ಕಳವು

2025ರ ಸೆಪ್ಟೆಂಬರ್ 22, ಸೋಮವಾರ. ಬೆಳಿಗ್ಗೆ 9.10ಕ್ಕೆ ಪೀಣ್ಯ ಎರಡನೇ ಹಂತದ ತಗಡಿನ ಬಿಡಿಭಾಗಗಳ ಕಾರ್ಖಾನೆಯೊಂದರ ಮಾಲೀಕ ಪ್ರಸನ್ನ ಠಾಣೆಗೆ ಬಂದು ಲಿಖಿತ ದೂರು ಸಲ್ಲಿಸಿದರು. ಭಾನುವಾರದ ರಜೆಯಲ್ಲಿ ತಗಡು ಒತ್ತಿ ಕತ್ತರಿಸುವ ಎಂಟು ಪವರ್ ಪ್ರೆಸ್ ಯಂತ್ರಗಳ ಕಾಲುಪೆಡಲ್‌ಗಳು ಕಳುವಾಗಿದ್ದವು.

"ಎಫ್‌ಐಆರ್ ಕಾಪಿ ಬೇಗ ಕೊಡಿ ಸಾರ್. ಇನ್ಶೂರೆನ್ಸ್‌ನವರು ಕೇಳ್ತಾರೆ."

"ಪೆಡಲ್‌ಗೂ ಇನ್ಶೂರೆನ್ಸ್ ಇದ್ಯಾ?" ಇನ್ಸ್‌ಪೆಕ್ಟರ್ ಶಿವಶಂಕರ್ ಕೇಳಿದರು.

"ನಟ್ಟು ಬೋಲ್ಟಿಗೂ ಇದೆ ಸಾರ್" ಎಂದು ಪ್ರಸನ್ನ ಹೆಮ್ಮೆಯಿಂದಲೇ ಹೇಳಿದರು.

10.30ಕ್ಕೆ ಸ್ಥಳ ಪಂಚನಾಮೆ ಆರಂಭವಾಯಿತು. ಮೂಲೆಯಲ್ಲಿದ್ದ ತಾಮ್ರದ ಸುರುಳಿಗಳು ಇದ್ದಂತೆಯೇ ಇದ್ದವು, ಬೀಗ ಮುರಿದಿರಲಿಲ್ಲ. ಪೆಡಲ್‌ಗಳನ್ನು ಮಾತ್ರ, ವೈರು ಕತ್ತರಿಸದೆ, ತಿಳಿದವನ ಕೈ ನಾಜೂಕಾಗಿ ಬಿಚ್ಚಿತ್ತು. ಪ್ರತಿ ಯಂತ್ರದ ಎರಡು ಬದಿಯಲ್ಲೂ ಒಂದೊಂದು ಕೈಗುಂಡಿ ಇತ್ತು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯುತ್ತದೆ. ಆಗ ಎರಡು ಕೈಗಳೂ ಹೊರಗಿರಲೇಬೇಕು. ಪೆಡಲ್ ಇದ್ದರೆ ಆ ಕಟ್ಟುಪಾಡಿಲ್ಲ. ಕಾಲು ತುಳಿಯುವಾಗ ಕೈ ಒಳಗೇ ಇದ್ದರೂ ಪ್ರೆಸ್ ಇಳಿಯುತ್ತದೆ.

"ಗುಂಡಿಗಳಿಗೆ ಧೂಳು ಹಿಡಿದಿದೆಯಲ್ಲ?"

"ಗುಂಡಿ ಒತ್ಕೊಂಡು ಕೂತ್ರೆ ಗಂಟೆಗೆ ನಾನೂರು ಪೀಸು ಸಾರ್. ಪೆಡಲ್‌ನಲ್ಲಿ ಏಳ್ನೂರು."

"ಫೋಟೋ ತೆಗೀರಿ" ಎಂದರು ಶಿವಶಂಕರ್. ಸಿಂದಗಿ ಕಡೆಯ ಕಾನ್ಸ್‌ಟೇಬಲ್ ನೀಲಾಂಬಿಕಾ ಎಂಟೂ ಯಂತ್ರಗಳ ಗುಂಡಿಗಳ ಫೋಟೋ ತೆಗೆದು, ಮತ್ತೆ ಐದನೇ ಯಂತ್ರದ ಮುಂದೆ ಬಂದು ನಿಂತಳು.

"ಸಾರ್, ಪೂಜೆ ಆಗಿದೆ. ವಿಭೂತಿ ಹಚ್ಚಿದಾರೆ."

"ನಿನ್ನೆ ಅಮಾವಾಸ್ಯೆ. ರಜೆ ಅಂತ ಪೂಜೇನ ಇವತ್ತಿಗೆ ಇಟ್ಕೊಂಡಿದ್ವಿ, ಇನ್ನೂ ಮಾಡಿಲ್ಲ" ಎಂದರು ಪ್ರಸನ್ನ.

"ವಿಭೂತಿ ಅಂದ್ರೆ ಮೂರು ಬೆರಳು, ಮೂರು ಗೆರೆ ಸಾರ್. ಎಂಟೂ ಮಷಿನ್ ಮೇಲೆ ಎರಡೇ ಗೆರೆ ಇದಾವೆ. ಒಂದು ದಪ್ಪ, ಒಂದು ಸಣ್ಣ." ಅವಳು ತನ್ನ ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳುಗಳನ್ನು ಗೆರೆಗಳ ಪಕ್ಕಕ್ಕೆ ಹಿಡಿದಳು. ಸರಿಹೊಂದಿತು. "ಮುಂದಿನ ಎರಡು ಬೆರಳು ಇಲ್ಲದ ಬಲಗೈ ಸಾರ್."

"ಬೆರಳಿಲ್ಲದವನು ಎಡಗೈಲಿ ಹಚ್ಚಬಹುದಿತ್ತಲ್ಲಮ್ಮ?"

"ಎಡಗೈಲಿ ವಿಭೂತಿನಾ ಸಾರ್? ಕಳ್ಳನಾದ್ರೂ ಹಚ್ಚಲ್ಲ."

ಶಿವಶಂಕರ್ ಮಾಲೀಕರತ್ತ ತಿರುಗಿದರು. "ಇಲ್ಲಿ ಬೆರಳು ಕಳ್ಕೊಂಡವರು ಯಾರು?"

"ಯಾವ ವರ್ಷದ್ದು ಕೇಳ್ತಿದೀರಾ ಸಾರ್?"

ಸಾಕ್ಷಿಗಳಾಗಿ ಬಂದಿದ್ದ ಪಂಚರಿಬ್ಬರೂ ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರರ ದನಿ ಬಿಗಿಯಾಯಿತು. "ಬಲಗೈ. ತೋರುಬೆರಳು, ನಡುಬೆರಳು."

"ಐದನೇ ಮಷಿನ್ ಮಲಕಪ್ಪ. ಮಾರ್ಚ್‌ನಲ್ಲಿ."

"ಪರಿಹಾರ?"

"ಕಾಂಟ್ರಾಕ್ಟ್‌ನೋನು, ಇಎಸ್‌ಐ ಪಟ್ಟೀಲಿ ಹೆಸರಿಲ್ಲ. ಖಾಸಗಿ ಪಾಲಿಸಿಯವರೂ ಕೊಡಲಿಲ್ಲ. ಆದ್ರೂ ಮನುಷ್ಯತ್ವ ಅಂತ ಅವನ ಹೆಂಡ್ತಿ ಬಸಕ್ಕಂಗೆ ಕೆಲಸ ಕೊಟ್ಟಿದೀನಿ."

"ಯಾವ ಕೆಲಸ?"

"ಅದೇ, ಐದನೇ ಮಷಿನ್ನು."

ಬೆಳಿಗ್ಗೆ 'ಯಾರೂ ಬಂದಿಲ್ಲ' ಎಂದಿದ್ದ ಕಾವಲುಗಾರ ಆವಲಪ್ಪನನ್ನು ಮತ್ತೆ ಕರೆಸಲಾಯಿತು.

"ಮಲಕಪ್ಪ ಎಷ್ಟೊತ್ತಿಗೆ ಬಂದಿದ್ದ?"

"ಮದ್ಯಾನ್ನ ಸಾರ್. ಅಮಾಸೆ ಪೂಜೆ ಅಂತ ಚೀಲದಲ್ಲಿ ಬೂದುಗುಂಬಳ ತಂದಿದ್ದ. ದೇವ್ರ ಕೆಲ್ಸಕ್ಕೆ ಬಂದೋನ್ನ ಎಂಗೆ ತಡೀಲಿ? ಬೀಗ ನಾನೇ ತೆಗ್ದೆ."

"ಹೋಗುವಾಗ ಚೀಲದಲ್ಲಿ ಏನಿತ್ತು?"

"ಕುಂಬಳಕಾಯೇ ಅಂದ್ಕೊಂಡೆ."

"ಒಡೆಯೋಕೆ ತಂದ ಕಾಯಿ ಮನೆಗೆ ವಾಪಸ್ ಹೋಗುತ್ತೇನಯ್ಯ?"

ಆವಲಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಧ್ಯಾಹ್ನ 3.20ಕ್ಕೆ ರಾಜಗೋಪಾಲನಗರದ ಬಾಡಿಗೆ ಕೋಣೆಯೊಂದರ ಬಾಗಿಲನ್ನು ಮಲಕಪ್ಪನೇ ತೆರೆದ. ಏನನ್ನೂ ಕೇಳದೆ ಟ್ರಂಕನ್ನು ಮುಂದಕ್ಕೆಳೆದ. ಹಳೆಯ ಸೀರೆಯಲ್ಲಿ ಸುತ್ತಿದ ಎಂಟು ಪೆಡಲ್‌ಗಳಿದ್ದವು. ಅವುಗಳ ಮೇಲೆ ವಿಮಾ ಕಂಪನಿಯ ಎರಡು ಪತ್ರಗಳು.

"ಯಾಕೆ ಮಾರಲಿಲ್ಲ?"

"ಮಾರಾಕ ತಂದಿಲ್ರೀ."

ಶಿವಶಂಕರ್ ಪತ್ರಗಳನ್ನು ಓದಿದರು. ಮೊದಲನೆಯದು ಮಲಕಪ್ಪನಿಗೆ: ಕೈಗುಂಡಿಗಳನ್ನು ಬಳಸದೆ ಪೆಡಲಿನಿಂದ ಯಂತ್ರ ನಡೆಸಿದ್ದು ಕೆಲಸಗಾರನ ಸ್ವಂತ ನಿರ್ಲಕ್ಷ್ಯ, ಪರಿಹಾರವಿಲ್ಲ. ಎರಡನೆಯದು, ಬಸಕ್ಕನ ಹೆಸರಿನಲ್ಲಿ ಅವನೇ ಹಾಕಿಸಿದ್ದ ಪಾಲಿಸಿ ಅರ್ಜಿಗೆ ಉತ್ತರ: ಅರ್ಜಿದಾರರ ವೃತ್ತಿಯು ನಾವು ಒಪ್ಪುವ ವೃತ್ತಿಗಳ ಪಟ್ಟಿಯಲ್ಲಿಲ್ಲ.

"ಏಜೆಂಟ್ ಏನಂದ?"

"ಪ್ರೆಸ್ ಮುಂದ ಕುಂದ್ರೋರಿಗೆ ಪಾಲಿಸಿ ಇಲ್ಲ, ಕಂಪ್ಯೂಟರ್ ಮುಂದ ಕುಂದ್ರೋರು ಯಾರರ ಇದ್ರ ಕರ್ಕೊಂಡ್ ಬಾ ಅಂದ್ರೀ."

"ಅವಳನ್ನ ಕೆಲಸ ಬಿಡಿಸಬಹುದಿತ್ತು."

"ಬಿಟ್ರ ಉಣ್ಣೂದೇನ್ರೀ? ಈ ಕೈಗೆ ಯಾರೂ ಕೆಲಸ ಕೊಡಂಗಿಲ್ಲ." ಅವನು ಬಲಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡ. "ಪೆಡಲ್ ಇಲ್ಲಂದ್ರ ಗುಂಡೀನ ಒತ್ತಬೇಕಲ್ರೀ. ಎರಡೂ ಕೈ ಹೊರಗ ಇರ್ತಾವ."

"ವಿಭೂತಿ ಹಚ್ಚಿದ್ದು ಯಾಕೆ?"

"ಹದಿನಾಲ್ಕು ವರ್ಷ ಅನ್ನ ಕೊಟ್ಟಾವ್ರೀ ಆ ಮಷಿನ್. ಹೇಳದ ಕೇಳದ ಹೆಂಗ ಬಿಚ್ಚಲಿ?"

ತುಳಿಯುವ ಕಬ್ಬಿಣಕ್ಕೆ ವಿಮೆಯುಂಟು, ಅದರ ಬಾಯಿಗೆ ಹೋಗುವ ಬೆರಳಿಗಿಲ್ಲ! ಶಿವಶಂಕರ್ ಆ ಪತ್ರಗಳನ್ನೂ ಜಪ್ತಿ ಪಟ್ಟಿಗೆ ಸೇರಿಸಿದರು.

ಸಂಜೆ 5.40ಕ್ಕೆ ದಸ್ತಗಿರಿ ದಾಖಲಾಯಿತು. ಬೆರಳಚ್ಚಿನ ಹಾಳೆಯ ಹತ್ತು ಚೌಕಗಳಲ್ಲಿ ಎರಡು ಖಾಲಿ ಉಳಿದವು. ಅವುಗಳ ಕೆಳಗೆ ನೀಲಾಂಬಿಕಾ, "ಬೆರಳುಗಳಿಲ್ಲ, ಐದನೇ ಯಂತ್ರ" ಎಂದು ಬರೆದಳು.

ಅಷ್ಟರಲ್ಲಿ ಪ್ರಸನ್ನ ಬಂದರು. "ಪೆಡಲ್ ಇವತ್ತೇ ಕೊಟ್ಬಿಡಿ ಸಾರ್."

"ಅದೀಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ಕೋರ್ಟಿನ ಆದೇಶ ತನ್ನಿ."

"ಹೊಸದು ಹಾಕಿಸ್ಕೋತೀನಿ ಬಿಡಿ."

"ಹಾಕಿಸಿ. ಧೂಳು ಹಿಡಿದ ಗುಂಡಿಗಳ ಫೋಟೋ, ಪಂಚನಾಮೆಯ ಪ್ರತಿ, ಎರಡೂ ಆಗಲೇ ಕಾರ್ಖಾನೆಗಳ ಇಲಾಖೆಗೆ ಹೋಗಿವೆ. ಅವರು ಬಂದಾಗ ಹೊಸ ಪೆಡಲನ್ನೂ ತೋರಿಸಿ. ಮುಂದಿನ ದೂರು ನನ್ನದೇ ಇರುತ್ತೆ."

ಪ್ರಸನ್ನ ಎಫ್‌ಐಆರ್ ಪ್ರತಿಯನ್ನು ಮಡಿಚಿಕೊಂಡು ಹೊರಟುಹೋದರು.

6.15ಕ್ಕೆ ಪಾಳಿ ಮುಗಿಸಿದ ಬಸಕ್ಕ, ಬುತ್ತಿ ಹಿಡಿದು ಲಾಕಪ್ಪಿನ ಮುಂದೆ ಬಂದು ನಿಂತಳು. ಗಂಡನನ್ನು ನೋಡಿದೊಡನೆ ಸಿಟ್ಟು ಉಕ್ಕಿತು.

"ಕಳವು ಮಾಡೋ ಬುದ್ಧಿ ಎಲ್ಲಿಂದ ಬಂತು ನಿಮಗ? ಇವತ್ತಿಡೀ ಗುಂಡಿ ಒತ್ತಿ ಒತ್ತಿ ಅಂಗೈ ಬಾತಾವ ನನಗ."

ಮಲಕಪ್ಪ ಸರಳಿನ ಹತ್ತಿರ ಬಂದ. "ಎರಡೂ?"

"ಹೂಂ, ಎರಡೂ."

ಅವನು ನಕ್ಕ.

"ಜೇಲಿನ್ಯಾಗ ಕುಂತು ನಗ್ತೀರಲ್ರೀ!" ಎಂದು ಬೈಯುತ್ತಲೇ ಬಸಕ್ಕ ರೊಟ್ಟಿ ಮುರಿದು, ಸರಳಿನ ಸಂದಿಯಿಂದ ಅವನ ಬಾಯಿಗೆ ಕೊಟ್ಟಳು.